ಉಸಿರುನಾಳದ ರೋಮಗಳ ಮೇಲೆ ನೆಲೆಯೂರುವ ರೋಗಾಣು

ಆತ್ಮೀಯರೇ,

ಹಂದಿಗಳ ನ್ಯುಮೋನಿಯಾ ಎಂದೊಡನೆ ನಮ್ಮ ಗಮನ ಶ್ವಾಸಕೋಶಕ್ಕೆ ಹೋಗುತ್ತದೆ. ಆದರೆ ಈ ಕಾಯಿಲೆಯ ಮುಖ್ಯ ಕಾರಣಗಳಲ್ಲೊಂದಾದ ಮೈಕೋಪ್ಲಾಸ್ಮಾ ಹಯೋನ್ಯುಮೋನಿಯೇ ಎಂಬ ಬ್ಯಾಕ್ಟೀರಿಯಾ ತನ್ನ ಕೆಲಸವನ್ನು ಆರಂಭಿಸುವುದು ಅದಕ್ಕೂ ಮೇಲೆ, ಶ್ವಾಸನಾಳ ಮತ್ತು ಅದರ ಕವಲುಗಳ ಒಳಪದರದಲ್ಲಿ. 1965ರಲ್ಲಿ ಅಮೆರಿಕ ಮತ್ತು ಬ್ರಿಟನ್‌ಗಳ ಎರಡು ತಂಡಗಳು ಇದನ್ನು ಪರಸ್ಪರ ಸ್ವತಂತ್ರವಾಗಿ ಪ್ರತ್ಯೇಕಿಸಿದವು. ಅದಕ್ಕೂ ಮುನ್ನ ಈ ಕಾಯಿಲೆಯನ್ನು ವೈರಸ್ಸಿನಿಂದ ಬರುವುದೆಂದು ಭಾವಿಸಿದ್ದರು.

ಉಸಿರುನಾಳದ ಒಳಪದರದ ಜೀವಕೋಶಗಳ ಮೇಲೆ ಸಿಲಿಯಾ ಎಂಬ ಅತಿಸೂಕ್ಷ್ಮ ರೋಮಗಳು ದಟ್ಟವಾಗಿರುತ್ತವೆ. ಇವು ಒಂದೇ ಲಯದಲ್ಲಿ ಬೀಸುತ್ತ, ಧೂಳು ಮತ್ತು ಸೂಕ್ಷ್ಮಜೀವಿಗಳನ್ನು ಸೆರೆಹಿಡಿದ ಲೋಳೆಯನ್ನು ಗಂಟಲಿನತ್ತ ನೂಕುತ್ತಲೇ ಇರುತ್ತವೆ. ರೋಗಾಣುವೊಂದು ಇಲ್ಲಿ ನಿಲ್ಲಬೇಕಾದರೆ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಕುತೂಹಲದ ಸಂಗತಿಯೆಂದರೆ, ತನ್ನನ್ನು ಹೊರಹಾಕಬೇಕಾದ ಆ ರೋಮಗಳನ್ನೇ ಈ ಬ್ಯಾಕ್ಟೀರಿಯಾ ಹಿಡಿದುಕೊಳ್ಳುತ್ತದೆ. ಹಿಡಿತಕ್ಕೆ ನೆರವಾಗುವ, ಅದರ ಮೈಮೇಲಿನ ಪ್ರೋಟೀನುಗಳಲ್ಲಿ ಪಿ97 ಹೆಚ್ಚು ಅಧ್ಯಯನಗೊಂಡದ್ದು. ಈ ಪ್ರೋಟೀನಿನ ಒಂದು ಭಾಗದಲ್ಲಿ ಕೆಲವೇ ಅಮೈನೊ ಆಮ್ಲಗಳ ಚಿಕ್ಕ ಸರಣಿಯೊಂದು ಮತ್ತೆ ಮತ್ತೆ ಬರುತ್ತದೆ. ಕನಿಷ್ಠ ಎಂಟು ಬಾರಿಯಾದರೂ ಅದು ಪುನರಾವರ್ತನೆಯಾಗದಿದ್ದರೆ ರೋಮಗಳಿಗೆ ಅಂಟಿಕೊಳ್ಳಲಾಗದು ಎಂಬುದನ್ನು ಪ್ರಯೋಗಗಳು ತೋರಿಸಿವೆ. ಆದರೆ ಪಿ97 ಒಂದರಿಂದಲೇ ಎಲ್ಲವೂ ನಡೆಯುವುದಿಲ್ಲ. ಪ್ರಯೋಗಾಲಯದಲ್ಲಿ ಬೆಳೆಸಿಕೊಂಡು ಬಂದ 'ಜೆ' ಎಂಬ ತಳಿಯಲ್ಲಿ ಈ ಪ್ರೋಟೀನ್ ಇದ್ದರೂ ಅದು ಅಂಟುವ ಮತ್ತು ರೋಗ ತರುವ ಶಕ್ತಿಯನ್ನು ಕಳೆದುಕೊಂಡಿದೆ. ಹಾಗಾಗಿ ಇದನ್ನು ಹಲವು ಪ್ರೋಟೀನುಗಳ ಕೂಡುಕೆಲಸವೆಂದೇ ನೋಡುವುದು ಸರಿ.

ಅಂಟಿಕೊಂಡ ನಂತರ ರೋಮಗಳ ಬೀಸು ನಿಧಾನವಾಗಿ ನಿಲ್ಲುತ್ತದೆ, ಅವು ಒಂದಕ್ಕೊಂದು ಹೆಣೆದುಕೊಂಡು ಉದುರುತ್ತವೆ. ಹಂದಿಗೆ ಒಣಕೆಮ್ಮು ಹತ್ತುತ್ತದೆ, ಮೇವಿಗೆ ತಕ್ಕ ತೂಕ ಬರುವುದಿಲ್ಲ; ಆದರೆ ಈ ಒಂದು ರೋಗಾಣುವಿನಿಂದಲೇ ಸಾಯುವುದು ಕಡಿಮೆ. ನಿಜವಾದ ಅಪಾಯ ತೆರೆದ ದಾರಿಯಲ್ಲಿ ಬರುವ ಪಾಶ್ಚುರೆಲ್ಲಾ ಮಲ್ಟೊಸಿಡಾದಂಥ ಬ್ಯಾಕ್ಟೀರಿಯಾಗಳದ್ದು. ವೈರಸ್‌ಗಳೂ ಜೊತೆಗೂಡಿದರೆ ಕಾಯಿಲೆ ಉಲ್ಬಣಿಸುತ್ತದೆ. ಶ್ವಾಸಕೋಶದ ಮುಂದಿನ, ಕೆಳಗಿನ ಹಾಲೆಗಳು ನೇರಳೆ ಅಥವಾ ಬೂದುಬಣ್ಣಕ್ಕೆ ತಿರುಗಿ ಗಟ್ಟಿಯಾಗಿರುವುದು ವಧಾಗಾರದಲ್ಲಿ ಪರೀಕ್ಷಿಸುವವರಿಗೆ ಪರಿಚಿತ ನೋಟ.

ಚಿಕಿತ್ಸೆಯ ತೊಡಕುಗಳಿಗೂ ಈ ಜೀವಿಯ ರಚನೆ ಮತ್ತು ನೆಲೆಯೇ ಕಾರಣ. ಇದಕ್ಕೆ ಕೋಶಭಿತ್ತಿಯೇ ಇಲ್ಲದಿರುವುದರಿಂದ, ಕೋಶಭಿತ್ತಿ ಕಟ್ಟುವುದನ್ನು ತಡೆಯುವ ಪೆನಿಸಿಲಿನ್ ಗುಂಪಿನ ಔಷಧಗಳು ನಿಷ್ಪ್ರಯೋಜಕ. ಟೆಟ್ರಾಸೈಕ್ಲಿನ್, ಟಿಯಾಮುಲಿನ್‌ನಂಥವು ಬೇಕಾಗುತ್ತವೆ. ಇಂದಿನ ಲಸಿಕೆಗಳು ಶ್ವಾಸಕೋಶದ ಹಾನಿಯನ್ನೂ ಕೆಮ್ಮನ್ನೂ ತಗ್ಗಿಸುತ್ತವೆಯಾದರೂ, ಬ್ಯಾಕ್ಟೀರಿಯಾ ರೋಮಗಳ ಮೇಲೆ ನೆಲೆಸುವುದನ್ನು ಪೂರ್ತಿ ತಡೆಯಲಾರವು. ಸೋಂಕು ತಗುಲಿದ ಹಂದಿ ಆರು ತಿಂಗಳಿಗೂ ಹೆಚ್ಚು ಕಾಲ ಅದನ್ನು ಹರಡಬಲ್ಲದು, ಮೇಲ್ನೋಟಕ್ಕೆ ಆರೋಗ್ಯವಾಗಿ ಕಾಣುವ ತಾಯಿಹಂದಿಯಿಂದ ಹಾಲೂಡುವ ಕಾಲದಲ್ಲೇ ಮರಿಗಳಿಗೆ ದಾಟಬಲ್ಲದು.

ಆದ್ದರಿಂದಲೇ ಸ್ವಿಟ್ಜರ್ಲೆಂಡ್ ದೇಶವ್ಯಾಪಿ ನಿರ್ಮೂಲನೆಗೆ ಇಳಿದಾಗ ಔಷಧವನ್ನಷ್ಟೇ ನೆಚ್ಚಿಕೊಳ್ಳಲಿಲ್ಲ. ಅಲ್ಲಿನ ಸಾಕಣೆ ಕೇಂದ್ರಗಳಲ್ಲಿ ಹತ್ತು ತಿಂಗಳಿಗಿಂತ ಚಿಕ್ಕ ಹಂದಿಗಳು ಕನಿಷ್ಠ ಎರಡು ವಾರ ಇರದಂತೆ ನೋಡಿಕೊಂಡು, ಉಳಿದ ದೊಡ್ಡ ಹಂದಿಗಳಿಗೆ ಔಷಧ ಕೊಟ್ಟು, ಹೊಸದಾಗಿ ಸೋಂಕು ತಗುಲಬಲ್ಲ ಮರಿಗಳೇ ಇಲ್ಲದ ಅವಧಿಯೊಂದನ್ನು ಉಂಟುಮಾಡಿದರು.