ಬ್ಲಾಸ್ಟ್ ಎಣಿಕೆಯನ್ನೇ ಇನ್ನೆಷ್ಟು ದಿನ ನಂಬೋಣ?

ಬೋನ್ ಮ್ಯಾರೋ ಸ್ಲೈಡನ್ನು ಮೈಕ್ರೋಸ್ಕೋಪಿಗೆ ಇಟ್ಟು, ಪೆಥಾಲಜಿಸ್ಟ್ 500 ಕೋಶಗಳನ್ನು ಒಂದೊಂದಾಗಿ ಎಣಿಸುತ್ತಾರೆ. ಅದರಲ್ಲಿ ಬಲಿಯದ ಕೋಶ, ಅಂದರೆ ಬ್ಲಾಸ್ಟ್, 100 ಸಿಕ್ಕಿತು ಅನ್ನಿ. ಶೇಕಡಾ 20 ಆಯಿತು. ರಿಪೋರ್ಟಿನಲ್ಲಿ ಅಕ್ಯೂಟ್ ಮೈಲಾಯ್ಡ್ ಲುಕೇಮಿಯಾ, ಅಂದರೆ ಎಎಂಎಲ್ ಎಂಬ ರಕ್ತದ ಕ್ಯಾನ್ಸರ್, ಅಂತ ಬರುತ್ತದೆ. 95 ಸಿಕ್ಕಿದ್ದರೆ? ಹೆಚ್ಚಾಗಿ ಎಂಡಿಎಸ್, ಅಂದರೆ ಮ್ಯಾರೋ ಸರಿಯಾಗಿ ರಕ್ತಕೋಶ ತಯಾರಿಸದ ಇನ್ನೊಂದು ಕಾಯಿಲೆ, ಅನ್ನುತ್ತಿದ್ದರು. ಐದೇ ಕೋಶಕ್ಕೆ ಕಾಯಿಲೆಯ ಹೆಸರೇ ಬೇರೆ! ಇನ್ನೊಬ್ಬರು ಎಣಿಸಿದರೆ ಲೆಕ್ಕ ಐದಾರು ಆಚೀಚೆ ಆಗುವುದು ಮಾಮೂಲು.

ಈ ಗೆರೆ ನಾವೇ ಎಳೆದದ್ದು. ಹಳೆಯ ಫ್ಯಾಬ್ (ಫ್ರೆಂಚ್-ಅಮೆರಿಕನ್-ಬ್ರಿಟಿಷ್) ವರ್ಗೀಕರಣದಲ್ಲಿ ಶೇಕಡಾ 30 ಇತ್ತು, 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 20ಕ್ಕೆ ಇಳಿಸಿತು. 2022ರಲ್ಲಂತೂ ಒಂದೇ ವರ್ಷ ಎರಡು ವರ್ಗೀಕರಣ ಬಂದವು: ಒಂದು ವಿಶ್ವ ಆರೋಗ್ಯ ಸಂಸ್ಥೆಯದು, ಇನ್ನೊಂದು ಬೇರೆ ತಜ್ಞರ ಗುಂಪಿನದು, ಅದರ ಹೆಸರು ಐಸಿಸಿ. ಎನ್‌ಪಿಎಂ1 ಜೀನ್ ಕೆಟ್ಟಿದೆ, ಬ್ಲಾಸ್ಟ್ ಶೇಕಡಾ 7 ಇದೆ ಅಂದುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಇದು ಎಎಂಎಲ್. ಐಸಿಸಿ ಪ್ರಕಾರ ಅಲ್ಲ, ಕನಿಷ್ಠ 10 ಇರಬೇಕು. ರೋಗಿಗೆ ಇದನ್ನು ಹೇಗೆ ಹೇಳುತ್ತೀರಿ? ನಾನಂತೂ ಈ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕಡೆ. ಜೀನ್ ಮೊದಲು, ಎಣಿಕೆ ಆಮೇಲೆ.

ಎಪಿಎಲ್ (ಅಕ್ಯೂಟ್ ಪ್ರೊಮೈಲೋಸೈಟಿಕ್ ಲುಕೇಮಿಯಾ) ನೋಡಿ. ಅದೂ ಎಎಂಎಲ್‌ನ ಒಂದು ಬಗೆಯೇ. ಪಿಎಂಎಲ್-ರಾರಾ ಎಂಬ ಜೀನ್ ಜೋಡಣೆ ಇದ್ದರೆ ಆಟ್ರಾ ಎಂಬ, ವಿಟಮಿನ್ ಎ ಬಗೆಯ ಔಷಧಿ ಮತ್ತು ಆರ್ಸೆನಿಕ್ ಕೊಡುತ್ತಾರೆ, ಬಹಳಷ್ಟು ಜನ ಪೂರ್ತಿ ಗುಣವಾಗುತ್ತಾರೆ. ಆದರೆ ಮೊದಲ ದಿನಗಳಲ್ಲೇ ರಕ್ತಸ್ರಾವದಿಂದ ಜೀವ ಹೋಗಬಹುದು. ಅದಕ್ಕೇ ಅನುಮಾನ ಬಂದ ಕೂಡಲೇ, ಜೀನ್ ರಿಪೋರ್ಟಿಗೂ ಕಾಯದೆ, ಆಟ್ರಾ ಶುರು ಮಾಡುತ್ತಾರೆ.

ಚಿಕಿತ್ಸೆ ಫಲ ಕೊಟ್ಟಿತಾ ಅಂತ ನೋಡುವಾಗಲೂ ಎಣಿಕೆಯದೇ ಕಾರುಬಾರು. ಮ್ಯಾರೋದಲ್ಲಿ ಬ್ಲಾಸ್ಟ್ ಶೇಕಡಾ 5ಕ್ಕಿಂತ ಕಡಿಮೆ, ರಕ್ತದಲ್ಲಿ ಬ್ಲಾಸ್ಟ್ ಇಲ್ಲ, ಮೈಕ್ರೋಲೀಟರಿಗೆ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕೋಶ ಕನಿಷ್ಠ 1000, ಪ್ಲೇಟ್‌ಲೆಟ್ ಕನಿಷ್ಠ 1 ಲಕ್ಷ ಇದ್ದರೆ ಕಂಪ್ಲೀಟ್ ರೆಮಿಷನ್. ಮನೆಯವರು ಈ 'ಕಂಪ್ಲೀಟ್' ಕೇಳಿ ಕಾಯಿಲೆ ಹೋಯಿತು ಅಂದುಕೊಳ್ಳುತ್ತಾರೆ. ತಪ್ಪು ಅವರದಲ್ಲ. ಆದರೆ ಶೇಕಡಾ 3 ಬ್ಲಾಸ್ಟ್ ಉಳಿದಿದೆ ಅನ್ನಿ, ಅದು ಚಿಗುರುತ್ತಿರುವ ಒಳ್ಳೆಯ ಮ್ಯಾರೋದ್ದಾ, ಹಳೆಯ ಕಾಯಿಲೆಯದ್ದಾ? ಎಷ್ಟೋ ಸಲ ಮೈಕ್ರೋಸ್ಕೋಪಿಗೆ ಅದು ಗೊತ್ತಾಗಲ್ಲ.

ಅದನ್ನು ಹುಡುಕುವುದೇ ಎಂಆರ್‌ಡಿ, ಅಂದರೆ ಅಳಿದುಳಿದ ಕಾಯಿಲೆಯ, ಪರೀಕ್ಷೆ. ಕೋಶಗಳ ಗುರುತನ್ನು ಲೇಸರ್‌ನಿಂದ ಓದುವ ಫ್ಲೋ ಸೈಟೋಮೆಟ್ರಿಯಲ್ಲಿ ಸಾವಿರಕ್ಕೆ ಒಂದು ಕೋಶ ಉಳಿದಿದ್ದರೂ ಗೊತ್ತಾಗುತ್ತದೆ, ಎನ್‌ಪಿಎಂ1ಗೆ ಪಿಸಿಆರ್ ಅದಕ್ಕಿಂತ ಸೂಕ್ಷ್ಮ. ಒಂದು ಎಚ್ಚರ: ಡಿಎನ್‌ಎಂಟಿ3ಎ, ಟೆಟ್2 ತರದ ಜೀನ್‌ಗಳ ಬದಲಾವಣೆಗಳು ರೆಮಿಷನ್ ಆದ ಮೇಲೂ ಉಳಿಯಬಹುದು. ಅವನ್ನು ಕಂಡು ಸುಮ್ನೆ ಗಾಬರಿಯಾಗಬೇಡಿ.

ಇಲ್ಲಿ ನನಗೆ ನಿಜವಾಗಿ ಸಿಟ್ಟು ಬರುವ ವಿಷಯ ಒಂದಿದೆ. ಖರ್ಚು ಜಾಸ್ತಿ ಅಂತ ಶುರುವಿನಲ್ಲಿ ಜೀನ್ ಪರೀಕ್ಷೆ ಬಿಟ್ಟುಬಿಡುವುದು. ಆಮೇಲೆ ಯಾವ ಗುರುತು ಹಿಡಿದು ಹುಡುಕುತ್ತೀರಿ? ಕೀಮೋ ಶುರುವಾಗುವ ಮೊದಲೇ ಸ್ಯಾಂಪಲ್ ಕಳಿಸಿದ್ದೀರಾ ಅಂತ ಡಾಕ್ಟರನ್ನು ಕೇಳಿ. ಕಳಿಸಿಲ್ಲ ಅಂದರೆ, ಆ ಮೊದಲ ಮ್ಯಾರೋದಲ್ಲಿ ಸ್ವಲ್ಪ ಎತ್ತಿಡಲಾದರೂ ಹೇಳಿ.