ಕಾನೂನು ಪ್ರಕಾರ ಎಲ್ಲ ಸರಿಯಾಗಿದ್ದ ಶಾಲೆ

[ಪರದೆ: ಷಿಕಾಗೋ ನಕ್ಷೆ. ಊರಿನ ಪಶ್ಚಿಮ ಭಾಗಕ್ಕೆ ಜೂಮ್.]

ನಮಸ್ಕಾರ. 1958. ಷಿಕಾಗೋದ ಅವರ್ ಲೇಡಿ ಆಫ್ ದಿ ಏಂಜಲ್ಸ್ ಅನ್ನೋ ಕ್ಯಾಥೊಲಿಕ್ ಪ್ರಾಥಮಿಕ ಶಾಲೆ. ಅಗ್ನಿಶಾಮಕ ಇಲಾಖೆಯ ತಪಾಸಣೆಯಲ್ಲಿ ಪಾಸಾಗಿತ್ತು. ಆಗಿ ಕೆಲವೇ ವಾರ. ಡಿಸೆಂಬರ್ 1ರ ಮಧ್ಯಾಹ್ನ ಅಲ್ಲಿ ಬೆಂಕಿ ಬಿತ್ತು. 92 ಮಕ್ಕಳು, ಪಾಠ ಮಾಡುತ್ತಿದ್ದ 3 ಸಿಸ್ಟರ್‌ಗಳು, ಅಂದರೆ ಕ್ರೈಸ್ತ ಸನ್ಯಾಸಿನಿಯರು, ಜೀವ ಕಳೆದುಕೊಂಡರು. ಹಾಗಾದ್ರೆ ತಪಾಸಣೆ ಸುಳ್ಳಾ? ಇಲ್ಲ. ಕಾನೂನು ಪ್ರಕಾರ ಆ ಶಾಲೆ ಸರಿಯಾಗೇ ಇತ್ತು. ಇವತ್ತು ಹೇಳಬೇಕಾಗಿರೋದೇ ಅದು.

ಮೊದಲು ಈ ಶಾಲೆ ಯಾರದ್ದು ಅಂತ ನೋಡೋಣ.

[ಪರದೆ: ಹಳೆಯ ಫೋಟೊ. ಚರ್ಚ್, ಪಕ್ಕದಲ್ಲಿ ಇಟ್ಟಿಗೆಯ ಕಟ್ಟಡ.]

1884ರಲ್ಲಿ ಅಮೆರಿಕದ ಬಿಷಪ್‌ಗಳು ಬಾಲ್ಟಿಮೋರ್‌ನಲ್ಲಿ ಸಭೆ ಸೇರಿ, ಪ್ರತಿ ಚರ್ಚಿನ ಹತ್ತಿರ ಒಂದು ಶಾಲೆ ಇರಲೇಬೇಕು ಅಂತ ತೀರ್ಮಾನ ಮಾಡಿದರು. ಅಲ್ಲಿನ ಸರ್ಕಾರಿ ಶಾಲೆಗಳ ರೀತಿನೀತಿ ಹೆಚ್ಚಾಗಿ ಪ್ರಾಟೆಸ್ಟಂಟರದ್ದು, ಅಂದರೆ ಕ್ರೈಸ್ತರ ಇನ್ನೊಂದು ಪಂಗಡದ್ದು. ವಲಸೆ ಬಂದ ಕ್ಯಾಥೊಲಿಕರಿಗೆ ಮಕ್ಕಳು ಕೈತಪ್ಪಿ ಹೋಗ್ತಾರೆ ಅನ್ನೋ ಭಯ. ಆದರೆ ಕೂಲಿ ಮಾಡೋ ಜನ ಶಾಲೆ ನಡೆಸೋದು ಹೇಗೆ? ಪಾಠ ಮಾಡುತ್ತಿದ್ದವರು ಸಿಸ್ಟರ್‌ಗಳು. ಅವರಿಗೆ ಸಿಗುತ್ತಿದ್ದದ್ದು ಸಂಬಳ ಅನ್ನೋಕೂ ಆಗದಷ್ಟು. ಅಮೆರಿಕದ ಕ್ಯಾಥೊಲಿಕ್ ಶಾಲೆಗಳು ನಿಂತಿದ್ದೇ ಈ ಹೆಂಗಸರ ದುಡಿಮೆಯ ಮೇಲೆ. ಹೊಗಳಿಕೆ ಮಾತ್ರ ಫಾದರ್‌ಗಳಿಗೆ ಜಾಸ್ತಿ ಸಿಕ್ಕಿತು, ಬಿಡಿ.

ನಮ್ಮ ಕಥೆಯ ಚರ್ಚ್ ಶುರುವಾಗಿದ್ದು 1894ರಲ್ಲಿ. ಮೊದಲು ಐರಿಶ್ ಮನೆಗಳು, ಆಮೇಲೆ ಇಟಾಲಿಯನ್ನರು. ಭಾನುವಾರದ ಪೂಜೆ, ಮದುವೆ, ಸಾವು ಎಲ್ಲ ಅಲ್ಲೇ. ಮಕ್ಕಳು ನಡೆದುಕೊಂಡೇ ಶಾಲೆಗೆ ಬರುತ್ತಿದ್ದರು. 1958ರ ಹೊತ್ತಿಗೆ ಸುಮಾರು 1,600 ಮಕ್ಕಳು. ಒಂದು ಕ್ಲಾಸಿನಲ್ಲಿ 50-60 ಜನ.

[ಪರದೆ: ಕಟ್ಟಡದ ಒಳನಕ್ಷೆ. ಮೆಟ್ಟಿಲು ಕೆಂಪು ಬಣ್ಣದಲ್ಲಿ.]

ಈಗ ಕಟ್ಟಡ ನೋಡಿ. ಉತ್ತರ ಭಾಗ 1910ರದ್ದು. ಹೊರಗೆ ಇಟ್ಟಿಗೆ, ಒಳಗೆಲ್ಲ ಮರ. ಮೆಟ್ಟಿಲೂ ಮರದ್ದೇ. ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಇರಲಿಲ್ಲ. ಅಲಾರಾಂ ಬಾರಿಸಿದರೆ ಶಾಲೆಯೊಳಗೆ ಮಾತ್ರ ಕೇಳುತ್ತಿತ್ತು, ಅಗ್ನಿಶಾಮಕ ಠಾಣೆಗೆ ತಲುಪುತ್ತಿರಲಿಲ್ಲ. ಷಿಕಾಗೋದಲ್ಲಿ ಇದಕ್ಕೆಲ್ಲ ಹೊಸ ನಿಯಮ ಬಂದದ್ದು 1949ರಲ್ಲಿ. ಆದರೆ ಅದು 1949ರ ನಂತರ ಕಟ್ಟಿದ ಕಟ್ಟಡಗಳಿಗೆ ಮಾತ್ರ. ಹಳೆಯವಕ್ಕೆ ವಿನಾಯಿತಿ. ಅಂದರೆ ಜಾಸ್ತಿ ಅಪಾಯ ಎಲ್ಲಿದೆಯೋ ಅಲ್ಲೇ ನಿಯಮ ಇಲ್ಲ!

ಆ ದಿನ ನೆಲಮಾಳಿಗೆಯಲ್ಲಿ, ಮೆಟ್ಟಿಲ ಬುಡದಲ್ಲಿದ್ದ ಕಸದ ಡ್ರಮ್ಮಿಗೆ ಬೆಂಕಿ ಹತ್ತಿತು. ಸುಮಾರು ಹೊತ್ತು ಯಾರಿಗೂ ಗೊತ್ತಾಗಲಿಲ್ಲ. ಕೆಳ ಮಹಡಿಯಲ್ಲಿ ಮೆಟ್ಟಿಲಿಗೂ ಕಾರಿಡಾರ್‌ಗೂ ನಡುವೆ ಬೆಂಕಿ ತಡೆಯುವ ಬಾಗಿಲಿತ್ತು, ಅದು ತಡೆಯಿತು. ಮೇಲಿನ ಮಹಡಿಯಲ್ಲಿ ಆ ಬಾಗಿಲೇ ಇರಲಿಲ್ಲ. ಮೆಟ್ಟಿಲು ಒಲೆಯ ಚಿಮಣಿಯಂತೆ ಕೆಲಸ ಮಾಡಿತು. ಕಾವು, ಹೊಗೆ ಎಲ್ಲ ನೇರ ಮೇಲಕ್ಕೆ. ಅಲ್ಲಿ 300ಕ್ಕೂ ಹೆಚ್ಚು ಮಕ್ಕಳಿದ್ದರು. ಶಾಲೆ ಬಿಡುವುದು 3 ಗಂಟೆಗೆ. ಅದಕ್ಕೆ ಅರ್ಧ ಗಂಟೆಯೂ ಉಳಿದಿರಲಿಲ್ಲ.

ಕಾರಿಡಾರ್‌ಗೆ ಕಾಲಿಡುವ ಹಾಗಿರಲಿಲ್ಲ. ಉಳಿದದ್ದು ಕಿಟಕಿ. ನೆಲದಿಂದ ಸುಮಾರು 25 ಅಡಿ ಎತ್ತರ. ಕಿಟಕಿಯ ಕಟ್ಟೆಯೂ ಎತ್ತರ, ಚಿಕ್ಕ ಮಕ್ಕಳಿಗೆ ಹತ್ತೋಕೇ ಆಗುತ್ತಿರಲಿಲ್ಲ. ಒಂದು ಕ್ಲಾಸಿನ ಸಿಸ್ಟರ್ ಬಾಗಿಲ ಸಂದಿಗೆ ಪುಸ್ತಕ ಪೇರಿಸಿ ಹೊಗೆ ತಡೆದರು. ಅವರ ಮಕ್ಕಳಲ್ಲಿ ಬಹುತೇಕರು ಉಳಿದರು. ಇತ್ತ ಫೋನ್ ಹೋಗಿದ್ದು ಫಾದರ್‌ಗಳ ಮನೆಯಿಂದ. ಹಾಗಾಗಿ ಅಗ್ನಿಶಾಮಕ ವಾಹನ ಮೊದಲು ಆ ವಿಳಾಸಕ್ಕೇ ಹೋಯಿತು. ಅಲ್ಲಿಂದ ಶಾಲೆಗೆ ಬಂದರೆ ಕಬ್ಬಿಣದ ಗೇಟಿಗೆ ಬೀಗ. ಮುರಿದು ಒಳಗೆ ಬರುವಷ್ಟರಲ್ಲಿ ಮಕ್ಕಳು ಹಾರತೊಡಗಿದ್ದರು.

ಬೆಂಕಿ ಹಚ್ಚಿದ್ದು ಯಾರು ಅಂತ ಇವತ್ತಿಗೂ ಅಧಿಕೃತವಾಗಿ ಗೊತ್ತಿಲ್ಲ. 1962ರಲ್ಲಿ ಒಬ್ಬ ಹುಡುಗ ನಾನೇ ಅಂದ, ಆಮೇಲೆ ಅಲ್ಲ ಅಂದ. ನ್ಯಾಯಾಧೀಶರು ಆ ಹೇಳಿಕೆ ಒಪ್ಪಲಿಲ್ಲ. ಇಂಟರ್ನೆಟ್ ತುಂಬ ಇದೇ ಚರ್ಚೆ. ನನ್ನ ಕೇಳಿದರೆ, ಮೇಲಿನ ಮಹಡಿಗೆ ಬಾಗಿಲು ಯಾಕಿರಲಿಲ್ಲ ಅನ್ನೋದು ಅದಕ್ಕಿಂತ ದೊಡ್ಡ ಪ್ರಶ್ನೆ.

[ಪರದೆ: 1959, ಲಾಸ್ ಏಂಜಲೀಸ್.]

ಮರುವರ್ಷ ಲಾಸ್ ಏಂಜಲೀಸ್‌ನ ಅಗ್ನಿಶಾಮಕ ದಳ ಒಂದು ಖಾಲಿ ಶಾಲೆಗೆ ಬೇಕಂತಲೇ ಬೆಂಕಿ ಹಚ್ಚಿ ಪರೀಕ್ಷೆ ಮಾಡಿತು. ತೆರೆದ ಮೆಟ್ಟಿಲು ಎಷ್ಟು ಅಪಾಯ ಅಂತ ಅಳೆದು ತೋರಿಸಿತು. ದೇಶದ ಸಾವಿರಾರು ಹಳೆಯ ಶಾಲೆಗಳಲ್ಲಿ ಬದಲಾವಣೆ ಶುರುವಾಯಿತು. ಷಿಕಾಗೋದಲ್ಲೂ ಹಳೆಯ ಕಟ್ಟಡದ ವಿನಾಯಿತಿ ಹೋಯಿತು.

ಕಟ್ಟಡ ಸರಿ, ಮಕ್ಕಳು? ಅವರನ್ನು ಸುತ್ತಲಿನ ಬೇರೆ ಶಾಲೆಗಳಿಗೆ ಹಂಚಿದರು. ಕೌನ್ಸೆಲಿಂಗ್ ಅಂತ ಏನೂ ಇಲ್ಲ. ಆ ವಿಷಯ ಮಾತಾಡಬೇಡಿ, ಮುಂದೆ ನೋಡಿ ಅಂದರು, ಅಷ್ಟೇ. ಮನೆಯಲ್ಲೂ ಮೌನ. ಬದುಕುಳಿದ ಹಲವರು ಬಾಯಿಬಿಟ್ಟು ಹೇಳಿಕೊಂಡದ್ದು ಎಷ್ಟೋ ದಶಕಗಳ ಮೇಲೆ, ತಾವೇ ಅಜ್ಜ ಅಜ್ಜಿ ಆಗೋ ವಯಸ್ಸಿನಲ್ಲಿ. ಕೆಟ್ಟ ಮನಸ್ಸಿನಿಂದ ಹಾಗೆ ಮಾಡಿದರು ಅಂತ ಅಲ್ಲ. ಆ ಕಾಲದ ದೊಡ್ಡವರಿಗೆ ಬೇರೆ ದಾರಿ ಗೊತ್ತಿರಲಿಲ್ಲ.

ಅದೇ ಜಾಗದಲ್ಲಿ 1960ರಲ್ಲಿ ಹೊಸ ಶಾಲೆ ಎದ್ದಿತು. ಈ ಸಲ ಸ್ಪ್ರಿಂಕ್ಲರ್ ಸಮೇತ. ಆದರೆ ಹಳೆಯ ಮನೆಗಳವರು ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು, ಕಪ್ಪು ಜನಾಂಗದ ಕುಟುಂಬಗಳು ಬಂದವು. ದೇಶದಲ್ಲಿ ಸಿಸ್ಟರ್‌ಗಳ ಸಂಖ್ಯೆಯೂ ಇಳಿಯುತ್ತಾ ಬಂತು. ಸಂಬಳ ಕೊಟ್ಟು ಟೀಚರ್ ಇಡಬೇಕಾದಾಗ ಇಂಥ ಶಾಲೆಗಳ ಲೆಕ್ಕಾಚಾರವೇ ಏರುಪೇರಾಯಿತು. ಈ ಶಾಲೆ 1999ರಲ್ಲಿ ಮುಚ್ಚಿತು.

2005ರಿಂದ ಅದೇ ಆವರಣದಲ್ಲಿ ಒಂದು ಫ್ರಾನ್ಸಿಸ್ಕನ್ ಮಿಷನ್, ಅಂದರೆ ಸಂತ ಫ್ರಾನ್ಸಿಸ್ ದಾರಿಯ ಕ್ಯಾಥೊಲಿಕರ ಸೇವಾ ಕೇಂದ್ರ, ನಡೆಯುತ್ತಿದೆ. ಸುತ್ತಲಿನ ಬಡ ಮನೆಗಳಿಗೆ ದಿನಸಿ, ಬಟ್ಟೆ ಹಂಚುತ್ತಾರೆ. ಹೆಸರು ಬದಲಾಯಿಸಿಲ್ಲ. ಈಗಲೂ ಅದು ಅವರ್ ಲೇಡಿ ಆಫ್ ದಿ ಏಂಜಲ್ಸ್.