ದಾರಿಯಲ್ಲಿ ಎಲ್ಲಿ ಇಳಿಯೋಣ?

ಎಲ್ಲರಿಗೂ ನಮಸ್ಕಾರ.

ಬಳ್ಳಾರಿಯಿಂದ ಹುಬ್ಬಳ್ಳಿಗೆ ಕಾರಿನಲ್ಲಿ ಹೋಗಿ ಬಂದವರನ್ನು, ದಾರಿಯಲ್ಲಿ ಏನೇನು ನೋಡಿದಿರಿ ಅಂತ ಕೇಳಿ ನೋಡಿ. ಹುಲಿಗೆಮ್ಮನಿಗೆ ಕೈ ಮುಗಿದೆವು, ಒಂದು ಕಡೆ ವಗ್ಗರಣಿ-ಮಿರ್ಚಿ ತಿಂದೆವು ಅಂತಾರೆ. ನಾಲ್ಕು ಪಥದ ರಸ್ತೆ ಬಂದ ಮೇಲೆ ಅದೂ ಕಡಿಮೆಯಾಗಿದೆ. ಬೇಗ ಊರು ಮುಟ್ಟುವುದೇ ದೊಡ್ಡದಾಗಿದೆ. ಹೊರಗಿನವರು ಹಂಪಿ ನೋಡಿ ಹೊರಟುಬಿಡುತ್ತಾರೆ, ಸರಿ. ನಾವು ಇಲ್ಲಿಯವರೇ ಸುಮ್ನೆ ದಾಟಿ ಹೋಗುವುದು ನನಗೆ ನಿಜವಾಗಿ ನೋವಿನ ವಿಷಯ.

ಕುಡತಿನಿಯನ್ನೇ ತಗೊಳ್ಳಿ. ಬಳ್ಳಾರಿ ಬಿಟ್ಟು ತೋರಣಗಲ್ಲಿನ ಕಡೆ ಹೊರಟರೆ ಸಿಗುವ ಊರು. ಅದರ ಆಚೆ ರಸ್ತೆಗೆ ಹತ್ತಿರದಲ್ಲೇ ಒಂದು ಬೂದಿ ದಿಬ್ಬ ಇದೆ. ದೂರದಿಂದ ನೋಡಿದರೆ ಮಾಮೂಲಿ ಮಣ್ಣಿನ ದಿಬ್ಬ. ಹತ್ತಿರ ಹೋಗಿ ಕೂತು ನೋಡಬೇಕು. ಬಿಳಿ-ಬೂದು ಬಣ್ಣದ ಪದರಗಳು ಒಂದರ ಮೇಲೊಂದು. ಅಲ್ಲಲ್ಲಿ ಗಾಜಿನ ಹಾಗೆ ಕರಗಿ ಗಟ್ಟಿಯಾದ, ತೂತುತೂತಾದ ಉಂಡೆಗಳು. ರಾಕ್ಷಸರನ್ನು ಸುಟ್ಟ ಬೂದಿ ಅಂತ ಹಿರಿಯರು ಕಥೆ ಹೇಳುತ್ತಿದ್ದರು. ಕಬ್ಬಿಣ ಕರಗಿಸಿದ ಕಿಟ್ಟ ಇರಬಹುದು ಅಂತ ಕೆಲವು ವಿದ್ವಾಂಸರಿಗೂ ಅನಿಸಿತ್ತು. ಇದು ದನದ ಸಗಣಿ ಸುಟ್ಟ ಬೂದಿ ಅಂತ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ಹೇಳಿದರು. ಆಮೇಲೆ 1950ರ ದಶಕದಲ್ಲಿ ಕೃಷ್ಣೆಯ ಆಚೆ ಉತ್ನೂರಿನಲ್ಲಿ ಇಂಥದ್ದೇ ದಿಬ್ಬವನ್ನು ಪುರಾತತ್ವಜ್ಞ ಆಲ್ಚಿನ್ ಅಗೆಸಿದಾಗ ದನಗಳ ಗೊರಸಿನ ಗುರುತುಗಳೇ ಸಿಕ್ಕವು! ಅಂದರೆ ಇವು ದನದ ದೊಡ್ಡಿಗಳು. 4 ಸಾವಿರ ವರ್ಷಕ್ಕೂ ಹಿಂದೆ ನಮ್ಮ ಜನ ಇಲ್ಲಿ ದನ ಕಟ್ಟಿದರು, ಸಗಣಿ ಕೂಡಿಸಿದರು, ಮತ್ತೆ ಮತ್ತೆ ಬೆಂಕಿ ಹಚ್ಚಿದರು. ಯಾಕೆ ಹಚ್ಚಿದರು? ಹಬ್ಬಕ್ಕಾ, ರೋಗ ಹೋಗಲಿ ಅಂತಲಾ? ಇವತ್ತಿಗೂ ಚರ್ಚೆ ನಡೆದಿದೆ. ಇಷ್ಟು ದೊಡ್ಡ ಪ್ರಶ್ನೆ ಪಕ್ಕದಲ್ಲೇ ಇರುವಾಗ ನಾವು ಮುಂದಿನ ಟೋಲ್ ಎಷ್ಟು ದೂರ ಅಂತ ಲೆಕ್ಕ ಹಾಕುತ್ತಿರುತ್ತೇವೆ.

ನಿಲ್ಲುವ ಜಾಗ ಆರಿಸುವುದಕ್ಕೆ ನನ್ನ ಅಳತೆ ಇದೇ. ಮತ್ತೆ ಕಾರು ಹತ್ತಿದಾಗ ಮಾತಾಡಲು ಏನಾದರೂ ಸಿಕ್ಕಿರಬೇಕು. ಬರೀ ಫೋಟೋ ಸಾಕು ಅನ್ನುವ ಜಾಗಕ್ಕೆ ದಾರಿ ಬದಲಿಸಬೇಡಿ.

ಹುಡುಕುವುದು ಹೇಗೆ? ಹೊರಡುವ ಹಿಂದಿನ ರಾತ್ರಿ ಮ್ಯಾಪ್ ತೆಗೆದು, ಹೆದ್ದಾರಿಯ ಎರಡೂ ಕಡೆ 15 ಕಿಲೋಮೀಟರ್ ಒಳಗೆ ಯಾವ ಊರುಗಳಿವೆ ನೋಡಿ. ನಮ್ಮ ಕಡೆ ಒಳ್ಳೆಯದೆಲ್ಲ ಅಷ್ಟರಲ್ಲೇ ಇರುತ್ತದೆ. ಇಟಗಿ ನೋಡಿ. ಕೊಪ್ಪಳದಿಂದ ಗದಗಿನ ಕಡೆ ಹೋಗುವಾಗ ಬನ್ನಿಕೊಪ್ಪದ ಹತ್ತಿರ ಸ್ವಲ್ಪ ಒಳಗೆ ಹೋದರೆ ಆಯ್ತು. ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿ. ಅಲ್ಲಿನ ಶಾಸನವೇ ಅದನ್ನು ದೇವಾಲಯ ಚಕ್ರವರ್ತಿ ಅಂತ ಕರೆದಿದೆ. ಆ ಹೊಗಳಿಕೆ ಜಾಸ್ತಿ ಅಂತ ನನಗೆ ಒಮ್ಮೆಯೂ ಅನಿಸಿಲ್ಲ. ಕಂಬಗಳ ಮೇಲಿನ ಸುತ್ತುಗೆರೆಗಳನ್ನು ಬಿಸಿಲು ಓರೆಯಾಗಿ ಬೀಳುವಾಗ ನೋಡಿ.

ಊರಿಗೆ ಹೋದ ಮೇಲೆ ಮ್ಯಾಪ್ ಜೇಬಿಗೆ ಹಾಕಿ, ಚಹಾದಂಗಡಿಯಲ್ಲಿ ಕೇಳಿ. ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿನಲ್ಲಿ ಶಿಲಾ ಸಮಾಧಿ ಎಲ್ಲಿ ಅಂದರೆ ಮುಖ ಮುಖ ನೋಡುತ್ತಾರೆ. ಮೋರ್ಯರ ಗುಡ್ಡ ಅನ್ನಿ, ಕೂಡಲೇ ಕೈ ತೋರಿಸುತ್ತಾರೆ. ಅಲ್ಲಿಗೆ ಮಾತ್ರ ಅವಸರದಲ್ಲಿ ಹೋಗಬೇಡಿ. ಗುಡ್ಡ ಹತ್ತಬೇಕು, ನೀರು ಒಯ್ಯಬೇಕು, ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಬೇಕು. ಮೇಲೆ ಕಲ್ಲು ಚಪ್ಪಡಿಯ ಮನೆಗಳಂಥ ನೂರಾರು ಸಮಾಧಿಗಳು, ಕೆಲವಕ್ಕೆ ದುಂಡನೆಯ ಕಿಂಡಿ. ಒಂದು ಬಂಡೆಯ ಮೇಲೆ ನಗಾರಿ ಆಕಾರದ ದೊಡ್ಡ ಗುಂಡುಕಲ್ಲೂ ಇದೆ. ಬಡಿದರೆ ದೂರದವರೆಗೆ ಕೇಳಿಸುತ್ತದೆ. ನಮ್ಮ ಬೇಸಿಗೆಯಲ್ಲಿ ಬೆಳಿಗ್ಗೆ 10ರ ಒಳಗೆ ಕೆಳಗಿಳಿದಿರಬೇಕು.

ರಾಯಚೂರಿನ ಕಡೆಯವರು ಸಿಂಧನೂರು-ಲಿಂಗಸುಗೂರು ದಾರಿಯಲ್ಲಿ ಮಸ್ಕಿ ಬಿಡಬೇಡಿ. ಚಿನ್ನ ಹುಡುಕುತ್ತಿದ್ದ ಬೀಡನ್ ಅನ್ನುವ ಎಂಜಿನಿಯರ್‌ಗೆ 1915ರಲ್ಲಿ ಅಲ್ಲಿ ಒಂದು ಬಂಡೆ ಬರಹ ಕಣ್ಣಿಗೆ ಬಿತ್ತು. ಅಲ್ಲಿಯವರೆಗೆ ಸಿಕ್ಕಿದ್ದ ಇಂಥ ಬಂಡೆ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಅಂತ ರಾಜನ ಬಿರುದು ಮಾತ್ರ ಇತ್ತು. ಅಶೋಕ ಅನ್ನುವ ಹೆಸರು ಇದ್ದದ್ದು ನಮ್ಮ ಮಸ್ಕಿಯ ಬಂಡೆಯಲ್ಲಿ. ಅದು ಓದಲು ಬರದಿದ್ದರೂ ಪರವಾಗಿಲ್ಲ, ಮಕ್ಕಳನ್ನು ಅದರ ಎದುರು ನಿಲ್ಲಿಸಿ.

ಇನ್ನೊಂದು ಮಾತು. ದಿನಕ್ಕೆ ಎರಡು ಕಡೆ ಇಳಿದರೆ ಸಾಕು. ಆರು ಜಾಗ ಪಟ್ಟಿ ಮಾಡಿದರೆ ಯಾವುದೂ ನೆನಪಿನಲ್ಲಿ ಉಳಿಯುವುದಿಲ್ಲ, ಮನೆಯವರೂ ಮತ್ತೆ ಬರುವುದಿಲ್ಲ. ಎರಡರಲ್ಲಿ ಒಂದು ಕಲ್ಲಿನದಾದರೆ ಇನ್ನೊಂದು ಮನುಷ್ಯರದಿರಲಿ. ಕೊಪ್ಪಳದ ಹತ್ತಿರದ ಕಿನ್ನಾಳಕ್ಕೆ ಹೋಗಿ, ಚಿತ್ರಗಾರರ ಮನೆ ಕೇಳಿ. ಹಗುರ ಮರದಲ್ಲಿ ಬೊಂಬೆ ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಕೈಕಾಲು ಕೂಡಿಸುತ್ತಾರೆ, ಆಮೇಲೆ ಬಣ್ಣ. ನೋಡುತ್ತಾ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ. ಬೆಲೆ ಕೇಳಿದ ಮೇಲೆ ದಯವಿಟ್ಟು ಚೌಕಾಸಿ ಮಾಡಬೇಡಿ.

ಈ ಮೂರು ಜಿಲ್ಲೆಯಲ್ಲಿ ನಾನು ನೋಡದ ಗುಡ್ಡ, ಬಾವಿ, ಬಂಡೆ ಎಷ್ಟೋ ಇವೆ. ಇಲ್ಲಿ ಕೂತವರೆಲ್ಲ ಬೇರೆ ಬೇರೆ ಊರಿನವರು, ಅಲ್ವಾ? ಮೈಕ್ ಹಿಂದಿನ ಸಾಲಿನಿಂದ ಬರಲಿ. ನಿಮ್ಮೂರಿಗೆ ಬಂದವರು ಎಲ್ಲಿ ಇಳಿಯಬೇಕು, ಅಲ್ಲಿ ಯಾರನ್ನು ಕೇಳಬೇಕು, ಒಬ್ಬೊಬ್ಬರಾಗಿ ಹೇಳಿ. ನಾನು ಬರೆದುಕೊಳ್ಳುತ್ತೇನೆ.